ಬಣ್ಣ ಹತ್ತದ ಚೌಕಗಳು

...ಸ್ವಲ್ಪ ಕೇಳಿ ಅಮ್ಮ, ಈ ಮೂರು ಕಟ್ಟಡಗಳಲ್ಲಿ ಹಿಂದಿನದು ಅನ್ನೋದು ಯಾವುದು? ಎಲ್ಲಿ ನಿಂತು ನೋಡಿದರೂ ಒಂದು ಇನ್ನೊಂದರ ಹಿಂದೇನೇ ಇದೆ. ಕೆಳಗಿನವರು ಮೇಲೆ ಹೋಗಿ ಅಂದರು, ಮೇಲಿನವರು ಕೆಳಗಿಳಿದು ಬಲಕ್ಕೆ ಅಂದರು. ಅರ್ಧ ಜಗತ್ತು ಸುತ್ತಿದವಳು, ನಿಮ್ಮ ಮೆಟ್ಟಿಲ ಮೇಲೆ ದಾರಿ ತಪ್ಪಿದೀನಿ. ಕಿಟಕಿ ಪರದೆ ಹೊಲಿಯೋರು ಒಬ್ಬರಿದಾರಲ್ಲ, ಅವರ ಮನೆ... ಅಯ್ಯೋ, ಅಕ್ಕಾ. ನೀವೇನಾ? ಒದ್ದೆ ಬಟ್ಟೆ ಹಿಂದೆ ನಿಂತು ಬರೀ ಪಾದ ತೋರಿಸಿದರೆ ಯಾರಿಗೆ ಗೊತ್ತಾಗಬೇಕು?

ಪಕ್ಕದ ಮನೆಯವರು ಇಣುಕ್ತಾ ಇದಾರೆ. ಯಾರಿವಳು ಅಂತ ಕೇಳಿದರೆ, ಮೈದುನನ ಮಾಜಿ ಹೆಂಡತಿ ಅನ್ನಬೇಡಿ. ಗುಜರಿಗೆ ಹಾಕಿದ ಸಾಮಾನಿನ ಥರ ಕೇಳುತ್ತೆ. ಓರಗಿತ್ತಿ ಅನ್ನಿ. ಕೋರ್ಟಿನವರು ಗಂಡನಿಂದ ಬಿಡಿಸಿದರು. ಓರಗಿತ್ತಿಯಿಂದ ಬಿಡಿಸಿ ಅಂತ ನಾನೇನೂ ಅರ್ಜಿ ಹಾಕಿರಲಿಲ್ಲ.

ಇಲ್ಲ, ಉಳಿಯಲ್ಲ. ಮುಂದಿನ ಊರಲ್ಲಿ ಎರಡು ದಿನದ ಕೆಲಸ, ದಾರೀಲಿ ಇಳಿದೆ ಅಷ್ಟೇ. ಚಹಾ ಇಡಿ, ಕುಡಿದು ಹೊರಟುಬಿಡ್ತೀನಿ. ಈ ಬಟ್ಟೆ ರಾಶಿ ಸ್ವಲ್ಪ ಸರಿಸಲಾ? ಲ್ಯಾಪ್‌ಟಾಪ್ ಇಡೋಕೆ. ನಿಮಗೊಂದು ತಮಾಷೆ ತೋರಿಸಬೇಕು.

ಹೂಂ, ಅದೇ ಕೆಲಸ. ಆಫೀಸುಗಳಿಗೆ ಹೋಗಿ, ಅಂಕಿ ತುಂಬಿದ ಹಾಳೆಗೆ ಬಣ್ಣ ಹಾಕೋದು ಕಲಿಸ್ತೀನಿ. ಹೀಟ್ ಮ್ಯಾಪ್ ಅಂತ. ಬಿಸಿಲಿಗೂ ಅದಕ್ಕೂ ಏನೂ ಸಂಬಂಧ ಇಲ್ಲ ಅಕ್ಕ. ನೋಡಿ, ಅಂಕಿಗಳನ್ನೆಲ್ಲ ಹೀಗೆ ಎಳೆದು ಆರಿಸ್ಕೋಬೇಕು, ಇಲ್ಲಿ ಒತ್ತಬೇಕು. ದೊಡ್ಡ ಅಂಕಿಗೆ ಹಸಿರು, ಚಿಕ್ಕದಕ್ಕೆ ಕೆಂಪು, ನಡುವಿನದಕ್ಕೆ ಹಳದಿ. ಓದೋಕೆ ಸೋಮಾರಿಯಾದ ಮ್ಯಾನೇಜರೂ ದೂರದಿಂದಲೇ ನೋಡಿ, ಅಲ್ಲಿ ಬೆಂಕಿ ಬಿದ್ದಿದೆ ಅಂತ ಕೂಗಬಹುದು. ಇರೋದರಲ್ಲಿ ದೊಡ್ಡದು ಯಾವುದೋ ಅದೇ ಕಡು ಹಸಿರು. ಎಲ್ಲ ಎರಡು, ಮೂರೇ ಇದ್ದರೆ ಮೂರಕ್ಕೇ ಪಟ್ಟ. ಹಾಳೂರಿಗೆ ಉಳಿದವನೇ ಗೌಡ.

ಇವು ನಾನಿದ್ದ ಊರುಗಳು. ಹೆಸರು ನಾನಿಟ್ಟದ್ದು. ಬಂದರಿನ ಊರು, ಮಂಜಿನ ಊರು, ಜಿರಲೆ ಊರು... ನಗಿ, ನಗಿ. ಬಾಡಿಗೆ ಕೊಡ್ತಿದ್ದದ್ದು ನಾನು, ಮನೆಯೊಡತಿಯ ಗತ್ತು ಆ ಜಿರಲೆಗಳದ್ದು. ಅಡ್ಡಕ್ಕೆ ಬಾಡಿಗೆ, ಹವೆ, ಆಸ್ಪತ್ರೆ, ಗದ್ದಲ, ಕೆಲಸ. ಹತ್ತಕ್ಕೆ ಎಷ್ಟು ಅಂತ, ಒಳ್ಳೇದಾದಷ್ಟೂ ಜಾಸ್ತಿ. ಇನ್ನು ಒಂದು ಕಡೆ ಕೂರಬೇಕು ಅನ್ನಿಸಿ... ಇಲ್ಲಪ್ಪ, ಪಾಠಕ್ಕೊಂದು ಉದಾಹರಣೆ ಬೇಕಿತ್ತು, ಅದಕ್ಕೆ.

ಕೊನೇ ಸಾಲಾ? ನಿಮ್ಮೂರು. ಬಂದು ಹೋಗಿದೀನಲ್ಲ, ಸೇರಿಸಿದೆ. ಹೌದು, ಕೆಂಪೇ. ಹವೆ ಕೆಂಪು, ಗದ್ದಲ ಕೆಂಪು. ನನ್ನ ಕೆಲಸ ಬೇಕಾದ ಆಫೀಸು ಇಲ್ಲಿ ಒಂದೂ ಇಲ್ಲ, ಅದಂತೂ ರಕ್ತಗೆಂಪು. ಮುಖ ಊದಿಸ್ಕೋಬೇಡಿ, ಲೆಕ್ಕ ಲೆಕ್ಕವೇ.

...ಅಲ್ಲಿ ಬೆರಳಿಡಬೇಡಿ. ಹೂಂ, ಅದೊಂದೇ ಹಸಿರು. ಆ ಕಡೇ ಕಾಲಂ. ತಲೆಬರಹ ಓದಿದಿರಾ? ‘ಜ್ವರ ಬಂದರೆ’. ಆಸ್ಪತ್ರೆ ಬೇರೆ, ಇದು ಬೇರೆ. ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು ಅನ್ನೋದು ಇದು.

ಉಳಿದ ಊರುಗಳದ್ದು ಬೆಳ್ಳಗಿರೋದು... ತುಂಬಿಲ್ಲ, ಅದಕ್ಕೆ. ಎಲ್ಲ ಕ್ಲಾಸಲ್ಲೂ ನಾನು ಬಡ್ಕೊಳ್ಳೋದು ಇದನ್ನೇ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸೊನ್ನೆ ಅಂದರೆ ಕೇಳಿದೆವು, ಏನೂ ಇಲ್ಲ ಅಂತ. ಅದಕ್ಕೆ ಕೆಂಪು ಹತ್ತುತ್ತೆ. ಖಾಲಿ ಚೌಕಕ್ಕೆ ಬಣ್ಣವೇ ಹತ್ತಲ್ಲ. ಇನ್ನೂ ಯಾರೂ ಕೇಳಿಲ್ಲವೇನೋ ಅಂತ ಯಂತ್ರ ಮರ್ಯಾದೆಯಿಂದ ಸುಮ್ಮನಿರುತ್ತೆ.

ಕೇಳಿದ್ದೆ ಅಕ್ಕ. ಮಂಜಿನ ಊರಲ್ಲಿ ಜ್ವರ ಬಂದಿತ್ತು. ಫೋನಿನಲ್ಲಿರೋ ಹೆಸರುಗಳನ್ನು ಮೇಲಿಂದ ಕೆಳಕ್ಕೆ ತಳ್ಳುತ್ತಾ ಹೋದೆ, ಕೆಲವರಿಗೆ ಬರೆದೆ. ಒಬ್ಬರು ಹುಷಾರು ಅಂತ ಹೂವಿನ ಚಿತ್ರ ಕಳಿಸಿದರು. ನೀರಿನ ಕ್ಯಾನು ತರೋನು ಬಂದ, ಬಾಗಿಲ ಹತ್ತಿರ ಇಳಿಸಿ ಹೋದ. ತುಂಬಿದ ಕ್ಯಾನು. ಗಂಟಲು ಒಣಗಿ ಕಟ್ಟಿಗೆಯಾಗಿದೆ, ಅದನ್ನ ಬಗ್ಗಿಸೋಕೆ ಕೈಲಿ ಕಸುವಿಲ್ಲ. ನೋಡ್ತಾ ಕೂತಿದ್ದೆ. ಆ ಸಾಲಿಗೆ ಸೊನ್ನೆ ಹಾಕಬೇಕಿತ್ತು. ಕೈ ಬರಲಿಲ್ಲ.

ನಿಮ್ಮದು ಹತ್ತು. ಯಾಕೆ ಹಾಗೆ ನೋಡ್ತೀರಿ? ನಿಮ್ಮನ್ನು ಕೇಳಿಲ್ಲ, ನಿಜ. ಹೀಗೆ ಅಂದಾಜಿಗೆ ತುಂಬಿದವರ ಕಿವಿ ಹಿಂಡೋಳು ನಾನು. ಕೋರ್ಟಿನ ದಿನ ನಿಮ್ಮ ಮನೆಯವರೆಲ್ಲ ಆ ಕಡೆ ಬೆಂಚಲ್ಲಿ ಕೂತರು, ನೀವೊಬ್ಬರೇ ಎದ್ದು ಬಂದು ನನ್ನ ಪಕ್ಕ ಕೂತಿರಿ. ಅದೊಂದನ್ನೇ ನಂಬಿ ಹಾಕಿದೆ.

ಹಾರ್ನ್ ಯಾರದೋ, ಬಿಡಿ. ಬಾಲ್ಕನಿಗೆ ಯಾಕೆ? ಅಕ್ಕಾ, ಚಹಾ ಉಕ್ಕುತ್ತೆ...

...ನೋಡಿದಿರಾ.

ಹೌದು, ನನ್ನದೇ ವ್ಯಾನು, ಬಾಡಿಗೆಗೆ ತಂದದ್ದು. ಮೇಲೆ ಹಗ್ಗ ಬಿಗಿದಿರೋದು ಹಾಸಿಗೆ. ಅದರ ಪಕ್ಕ ಕಟ್ಟಿರೋದು ನನ್ನ ಕೋಣೆಯ ಉದ್ದನೆ ದೀಪ. ಎರಡು ದಿನದ ಕೆಲಸಕ್ಕೆ ಯಾರೂ ಹಾಸಿಗೆ ಸುತ್ಕೊಂಡು ಹೋಗಲ್ಲ, ನನಗೂ ಗೊತ್ತು. ಮುಂದಿನ ಊರು ಯಾವುದೂ ಇಲ್ಲ. ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟು ಬಂದೆ.

ಏನಾದರೂ ಅನ್ನಿ. ಮೊದಲೇ ಫೋನ್ ಮಾಡೋಕೇನಾಗಿತ್ತು ಅಂತ ಬೈಯಿರಿ. ಮಾಡಿದ್ದರೆ, ಹೂಂ ಅನ್ನೋ ಮೊದಲು ನೀವು ಒಂದು ಗಳಿಗೆ ಸುಮ್ಮನಾಗ್ತಿದ್ದಿರಿ. ಅದನ್ನ ಕೇಳಿಸ್ಕೊಳ್ಳೋ ಧೈರ್ಯ ನನಗಿರಲಿಲ್ಲ. ಈಗ ನೋಡಿ, ಎದುರಿಗೇ ಕೂತು ಕೇಳಿಸ್ಕೊಳ್ತಾ ಇದೀನಿ. ಇರೋದು ಒಂದೇ ಕೋಣೆ, ಅದರಲ್ಲಿ ಅರ್ಧ ಹೊಲಿಗೆ ಮಷೀನಿನದು. ಕಾಣುತ್ತೆ ನನಗೆ. ಈ ಹತ್ತು ಅಳಿಸ್ತೀನಿ, ಆಯ್ತಾ? ಖಾಲಿ ಬಿಡ್ತೀನಿ.

ಎಲ್ಲಿಗೆ? ಚಪ್ಪಲಿ ಯಾಕೆ ಮೆಟ್ಟಿದಿರಿ? ವ್ಯಾನಿನವನನ್ನ ಕಳಿಸೋಕಾ, ನನ್ನನ್ನಾ? ಅಕ್ಕಾ... ನಿಲ್ಲಿ, ಒಲೆ ಆರಿಸಿ ಬಂದೆ...

...ಆ ಹಗ್ಗದ ಗಂಟು ಹಾಗೆ ಬಿಚ್ಚೋಕಾಗಲ್ಲ ಅಕ್ಕ, ಉಗುರು ಕಿತ್ತು ಬರುತ್ತೆ. ಇರಿ, ಆ ತುದಿ ನನಗೆ ಕೊಡಿ... ಡ್ರೈವರಣ್ಣ, ಇಲ್ಲಿ ಬನ್ನಿ. ಅವರ ಹತ್ತಿರ ದುಡ್ಡು ಇಸ್ಕೋಬೇಡಿ, ಬಾಡಿಗೆ ಕೊಡಬೇಕಾದವಳು ನಾನು. ಕಾದಿದ್ದಕ್ಕೂ ಸೇರಿಸಿ ಹೇಳಿ. ತಗೊಳ್ಳಿ, ಎಣಿಸ್ಕೊಳ್ಳಿ... ಸರಿ ಇದೆಯಾ? ಇಲ್ಲಣ್ಣ, ಇನ್ನು ಕಾಯೋದು ಬೇಡ. ನೀವು ಹೊರಡಿ.