ದೊಡ್ಡ ಪ್ರೊಸೆಸರ್ ಬೇಡಮ್ಮಾ

ಅಯ್ಯೋ, ಅದಲ್ಲಮ್ಮಾ! ಆ ದೊಡ್ಡ ಪ್ರೊಸೆಸರ್ ಡಬ್ಬಿ ಕೆಳಗಿಡಿ. ಗೇಮ್ ಆಡ್ತಾ ಆಡ್ತಾ ಲೈವ್ ತೋರಿಸೋಕೆ ಅಂತ ತಾನೇ ಚೀಟೀಲಿ ಬರ್ಕೊಂಡು ಬಂದಿರೋದು? ಈ ರಸಾಕಿ ಹನ್ನೊಂದು ವರ್ಷದಿಂದ ಇದೇ ಇಕೇಜಾ ಕಂಪ್ಯೂಟರ್ ಮಾರ್ಕೆಟ್ಟಲ್ಲಿ ಕೂತಿದ್ದಾನೆ, ನನ್ನ ಮಾತು ಕೇಳಿ. ಈ ಚಿಕ್ಕದೇ ಸಾಕು. ಒಂದು ಕೈಲಿ ಅಕಾರಾ ವಡೆ ಕರೀತಾ ಇನ್ನೊಂದು ಕೈಲಿ ಪೊಟ್ಟಣ ಕಟ್ಟೋ ಹಂಗೆ, ಆಟಾನೂ ಓಡಿಸತ್ತೆ, ವಿಡಿಯೋನೂ ಕಳಿಸತ್ತೆ.

ಯಾಕೆ ತಲೆ ಅಲ್ಲಾಡಿಸ್ತೀರಿ? ಮತ್ತೆ ಅದನ್ನೇ ತೋರಿಸ್ತೀರಲ್ಲ! ಜಾಸ್ತಿ ಲಾಭದ ಮಾಲನ್ನ ಬೇಡ ಅನ್ನೋ ಅಂಗಡಿಯವನನ್ನ ಎಲ್ಲಾದ್ರೂ ಕಂಡಿದೀರಾ?

ಅದು ಕರೆಂಟು ತಿನ್ನೋ ರಾಕ್ಷಸ ಕಣಮ್ಮಾ. ನಮ್ಮ ಲೇಗೋಸಲ್ಲಿ ಕರೆಂಟು ಎಲ್ಲಿದೆ? ಪುಟ್ಟ ಜನರೇಟರ್ ಅದನ್ನ ಎಳೆಯಲ್ಲ, ದೊಡ್ಡ ಜನರೇಟರೇ ಬೇಕು. ಹೊರಗಿಟ್ರೆ ಕಳ್ಳರ ಪಾಲು. ಒಳಗಿಟ್ರೆ... ಒಳಗಿಟ್ರೆ ವಿಷದ ಹೊಗೆ. ಹೋದ ತಿಂಗಳು ಇಲ್ಲೇ ಪಕ್ಕದ ಆಗೇಗೆಯಲ್ಲಿ ಒಬ್ಬ ಹುಡುಗ ಹೋಗ್ಬಿಟ್ಟನಲ್ಲ, ಕೇಳಿದ್ರಾ? ಕಾರ್ ರೇಸ್ ಆಡ್ತಾ, ಲೈವಲ್ಲೇ... ನಾನ್ನೂರು ಜನ ನೋಡ್ತಿದ್ರಂತೆ. ಮಹಾರಾಯನಿಗೆ ನಿದ್ದೆ ಬಂತು ನೋಡ್ರೋ ಅಂತ ನಗ್ತಾ ಬರೀತಿದ್ರಂತೆ. ಅವನ ಕಾರು ಗೋಡೆಗೆ ಗುದ್ಕೊಂಡು, ಗುದ್ಕೊಂಡು...

ಇಲ್ಲ ಇಲ್ಲ, ಆ ಹುಡುಗ ಯಾರೋ ನಂಗೊತ್ತಿಲ್ಲ. ನಮ್ಮ ಗಿರಾಕಿಯಲ್ಲ.

ಏನಮ್ಮಾ ಹಂಗೆ ನೋಡ್ತೀರಿ? ಜನರೇಟರ್ ಅಡುಗೆಮನೇಲಿಟ್ಟು ಬಾಗಿಲು ಎಳ್ಕೋ, ಮೈಕಿಗೆ ಸದ್ದು ಬರಲ್ಲ ಅಂತ ಈ ರಸಾಕಿ ಯಾರಿಗೂ ಹೇಳಿದವನಲ್ಲ! ಯಾರಿಗೂ! ಮಾರ್ಕೆಟ್ಟಲ್ಲಿ ಜನ ನೂರು ಹೇಳ್ತಾರೆ, ಎಲುಬಿಲ್ಲದ ನಾಲಿಗೆ...

ಅಲ್ಲ... ನೀವು ಅದನ್ನ ಕೇಳೇ ಇಲ್ಲ, ಅಲ್ವಾ? ಆಗಿಂದ ನಾನೊಬ್ಬನೇ ಬಡಬಡಿಸ್ತಿದೀನಿ.

ಅಮ್ಮಾ, ಏನಾದ್ರೂ ಅನ್ನಿ. ಬೈರಿ, ಬೇಕಾದ್ರೆ ಕೆನ್ನೆಗೆ ಬಾರಿಸಿ. ಹಿಂಗೆ ಸುಮ್ನೆ ನಿಂತ್ಕೋಬೇಡಿ, ನಂಗೆ ಭಯ ಆಗತ್ತೆ... ನೀವು ಕೊಳ್ಳೋಕೆ ಬಂದವರಲ್ಲ. ನೀವು... ಆ ಹುಡುಗನ, ಎಫೋಸಾನ ತಾಯಿ?

ಕೂತ್ಕೊಳ್ಳಿ. ಈ ಸ್ಟೂಲ್ ಮೇಲೆ ಕೂತ್ಕೊಳ್ಳಮ್ಮಾ.

ಹೌದು, ಅವನಿಗೆ ಆ ದೊಡ್ಡ ಪ್ರೊಸೆಸರ್ ನಾನೇ ಮಾರಿದ್ದು, ನಾನೇ ಹೇಳಿದ್ದು. ಜನರೇಟರ್ ಸದ್ದು ಕೇಳಿ ನೋಡೋರೆಲ್ಲ ಓಡಿಹೋಗ್ತಿದಾರೆ ಅಂತ ಅಳುಮುಖ ಮಾಡ್ಕೊಂಡು ಬಂದಿದ್ದ, ಅದಕ್ಕೇ ಅಡುಗೆಮನೇಲಿಡು ಅಂತ ಹೇಳ್ದೆ. ಬಾಗಿಲವರೆಗೂ ಹೋದವನು ತಿರುಗಿ ಬಂದು ಕೇಳ್ದ, ಅಣ್ಣಾ, ಏನೂ ಆಗಲ್ವಾ ಅಂತ. ಏನಾಗತ್ತೋ ಹೆದರುಪುಕ್ಕಲಾ, ಎಲ್ಲರೂ ಹಂಗೇ ಇಡೋದು ಅಂತ ನಾನು ನಕ್ಕುಬಿಟ್ಟೆ.