ಎಡಗಡೆಯಿಂದ ಕೇಳಿದ ಪ್ರಶ್ನೆ

'ಡಿಸೆಂಬರ್ ಒಂಬತ್ತು, ಮಂಗಳವಾರ. ಸಂಜೆ, ಇಸ್ತ್ರಿ ಅಂಗಡಿ ಪಕ್ಕ ಅಪರಿಚಿತ ವ್ಯಕ್ತಿ. ತಲೆಗೆ ಮಫ್ಲರ್, ಕೈಯಲ್ಲಿ ಬಟ್ಟೆ ಚೀಲ. ನಮ್ಮ ಬಾಲ್ಕನಿ ಕಡೆಗೇ ನೋಟ. ಮಗು ಅವನಿಗೆ ಕೈ ಬೀಸಿತು.' ಕೇಳಿಸ್ಕೊಂಡ್ಯಾ? ಅಪರಿಚಿತ ಅಂತಲೇ ಬರೆದಿದೀನಿ. ನನ್ನ ಡೈರಿಯಲ್ಲಿ ಸುಳ್ಳಿದೆ ಅಂತ ಇವತ್ತಿನವರೆಗೆ ಯಾರೂ ಬೆರಳು ತೋರಿಸಿಲ್ಲ... ಆ ಸೂಟ್‌ಕೇಸ್ ಮುಚ್ಚು ಪುಣ್ಯಾತ್ಗಿತ್ತಿ. ಅತ್ತೆ ಮಾತಾಡ್ತಿರುವಾಗ ಬಟ್ಟೆ ಮಡಚ್ತಾ ಕೂರೋದು ಯಾವ ಮರ್ಯಾದೆ?

ಯಾಕೆ ನಗ್ತೀಯ? ನಗು, ನಗು. ಪೇಂಟರ್ ಗೋಡೆ ಅಳತೆ ತಗೋತಿದ್ದಾಗ ನಾನು ಸೀಟಿ ಊದಿದೆ ಅಂತ ಕಟ್ಟಡದವರೆಲ್ಲ ನಕ್ಕಿದ್ರು. ನಿನ್ನ ಗಂಡ ಬೀಗದ ಕೈ ಮರೆತು ಗೇಟ್ ಹಾರಿದಾಗಲೂ ಊದಿದೀನಿ. ಹೆತ್ತ ಮಗ ಅಂತ ಬಿಟ್ನಾ? ಇನ್‌ಸ್ಪೆಕ್ಟರ್ ನಮ್ಮ ಕಟ್ಟಡದ ಸಂಘದ ಮೀಟಿಂಗಿಗೆ ಬಂದು ಹೇಳಿದ್ರಲ್ಲ, 'ಅನುಮಾನ ಬಂದ್ರೆ ಸುಮ್ಮನಿರಬೇಡಿ' ಅಂತ, ಆವತ್ತು ಉಳಿದವರ ಕಣ್ಣೆಲ್ಲ ಬಿಸ್ಕತ್ತಿನ ತಟ್ಟೆ ಮೇಲೆ. ಮುಂದಿನ ಸಾಲಲ್ಲಿ ಕೂತು ಬರ್ಕೊಂಡಿದ್ದು ನಾನೊಬ್ಳೇ! ಆ ಕಾಲದಲ್ಲೇ ಬಿ.ಎ. ಮಾಡಿದವಳು ನಾನು. ಹೊಸಬರು ಕಂಡ್ರೆ ಹತ್ರ ಹೋಗಿ ಮೂರು ಸಲ ಕೇಳಬೇಕು, ಉತ್ತರ ಬರದಿದ್ರೆ ಸೀಟಿ. ಈ ನಿಯಮ ಮಾಡಿದ್ದು ಯಾರು? ಸಂಘದ ಅಧ್ಯಕ್ಷರಾ? ನಾನು.

ಹಾಂ... ನಿಮ್ಮಪ್ಪ ಅಂತ ಗೊತ್ತಾಗಿದ್ದು ಆಮೇಲೆ. ಪೊಲೀಸ್ ಸ್ಟೇಷನ್ನಿಂದ ಫೋನ್ ಬಂದ ಮೇಲೆ. ನಾನೇನು ಮಾಡ್ಲಿ ಹೇಳು? ಮಗಳ ಮನೆಗೆ ಬರೋರು ಮೆಟ್ಟಿಲು ಹತ್ತಿ ಬರ್ತಾರೆ, ಬೆಲ್ ಒತ್ತುತಾರೆ. ರಸ್ತೆ ಆಚೆ ನಿಂತು ಮೊಮ್ಮಗನ್ನ ನೋಡೋರನ್ನ ನಾನಂತೂ ಕಂಡಿಲ್ಲ.

ಏನು ಹಾಗೆ ನೋಡ್ತೀಯ? ಓ... ಅದಾ. ಇನ್ನೂ ಅದನ್ನೇ ಮನಸ್ಸಲ್ಲಿಟ್ಕೊಂಡಿದ್ದೀಯ? ಕೈ ತೊಳ್ಕೊಳ್ಳಿ ಅಂದೆ. ಅಷ್ಟೇ. ಪುಟ್ಟ ಆಗಿನ್ನೂ ಎಳೆ ಮಗು. ಅವರ ಉಗುರಲ್ಲೆಲ್ಲ ಆ ಲೋಹ ಕಡೆಯೋ ಲೇತ್ ಮೆಷಿನ್ ಎಣ್ಣೆ. ತೊಳ್ಕೊಂಡು ಬಂದ್ರು. ಎಣ್ಣೆ ಹೋಗಿಲ್ಲ, ಇನ್ನೊಂದು ಸಲ ಅಂದೆ. ಅವರಿಗೆ ಕೇಳಿಸ್ಲಿಲ್ಲ. ನೀನೇ ತಾನೇ ಹೇಳಿದ್ದು, 'ಅತ್ತೆ, ಆ ಮೆಷಿನ್ ಸದ್ದಿಗೆ ಅಪ್ಪನ ಎಡಗಿವಿ ಹೋಗಿದೆ, ಬಲಗಡೆ ಬಂದು ಹೇಳಿ' ಅಂತ? ಬಲಗಡೆ ಹೋಗಿ ಹೇಳಿದೆ. ಪಾಪ, ಮತ್ತೆ ತೊಳ್ಕೊಂಡ್ರು. ಆಮೇಲೆ ಮಗೂನ ಎತ್ಕೊಳ್ಳಲೇ ಇಲ್ಲ, ಅದು ಅವರಿಷ್ಟ. ಒರೆಸ್ಕೊಳ್ಳೋಕೆ ಹೊಸ ಟವಲ್ ಕೊಟ್ಟಿದ್ದೆ ನಾನು! ಇನ್ನು ಬರಬೇಡಿ ಅಂತ ಅಂದ್ನಾ? ಅಂದಿದ್ರೆ ತೋರ್ಸು.

ಸರಿ, ಮೊನ್ನೆ ಮಂಗಳವಾರದ್ದು ಕೇಳು. ಮೀಟಿಂಗ್ ಮುಗಿದು ಸಂಘದ ಹೆಂಗಸರೆಲ್ಲ ಗೇಟ್ ಹತ್ರ ನಿಂತಿದ್ರು. ಕಾರ್ಯದರ್ಶಿ ಹೆಂಡತಿ ಇದ್ದಾಳಲ್ಲ, ಮೂಗು ತೂರಿಸದಿದ್ರೆ ಅನ್ನ ಇಳಿಯಲ್ಲ ಅವಳಿಗೆ, 'ಯಾರ್ರೀ ಅವನು, ನಿಮ್ಮನೆ ನೋಡ್ಕೊಂಡು ಕೈ ಬೀಸ್ತಾ ಇದ್ದಾನೆ?' ಅಂದ್ಲು. ಎಲ್ಲರ ಕಣ್ಣೂ ನನ್ನ ಮೇಲೆ. ವಿಚಾರಿಸ್ತೀನಿ ಅಂದೆ. ರಸ್ತೆ ದಾಟಿ, ನಿಲ್ಲಿಸಿದ್ದ ಸ್ಕೂಟರ್‌ಗಳ ಸಂದಿಯಲ್ಲಿ ಸೀರೆ ಸಿಕ್ಕಿಸ್ಕೊಂಡು, ನುಸುಳಿ, ಪಕ್ಕಕ್ಕೇ ಹೋಗಿ ನಿಂತು ಕೇಳಿದೆ. 'ಯಾರು ನೀವು? ಯಾರು ನೀವು? ಯಾರು ಅಂತ ಕೇಳ್ತಾ ಇದೀನಿ!' ತಿರುಗಲೇ ಇಲ್ಲ! ಬಾಲ್ಕನಿ ನೋಡ್ತಾ ನಗ್ತಾ ನಿಂತಿದ್ರು. ನಿಯಮ ಅಂದ್ರೆ ನಿಯಮ. ಊದಿದೆ. ವಾಚ್‌ಮನ್ ಓಡಿ ಬಂದು ಚೀಲಕ್ಕೆ ಕೈ ಹಾಕ್ದ. ಒಳಗೇನೋ ಭಾರದ್ದು, ಲೋಹದ್ದು. ಇವರು ಬಿಡ್ಲಿಲ್ಲ. ಅವನು ಕಪಾಳಕ್ಕೆ ಒಂದು ಬಿಟ್ಟ, ಸ್ಟೇಷನ್ನಿಗೆ ಎಳ್ಕೊಂಡು ಹೋದ. ಪುಟ್ಟನಿಗೆ ಅಂತ ಕಡೆದು ತಂದ ಹಿತ್ತಾಳೆ ಬುಗುರಿ ಅದು ಅಂತ ನನಗೇನು ಕನಸು ಬಿದ್ದಿತ್ತಾ?

ಯಾಕೆ ನಿಲ್ಲಿಸ್ದೆ? ಮಡಚು, ಮಡಚು... ಏನು? ಸ್ಕೂಟರ್‌ಗಳು ಅವರ ಎಡಗಡೆ ಇದ್ವು, ಹೌದು. ಬಲಗಡೆ ಇಸ್ತ್ರಿಯವನ ಮೇಜು. ಅಲ್ಲಿ ಜಾಗ... ಇತ್ತು, ಇತ್ತು. ಜಾಗ ಇದ್ದ ಕಡೆಯೇ ನಿಲ್ಲಬೇಕು ಅಂತ ಕಾನೂನಿದೆಯಾ?

ಎಲ್ಲಿಗೆ ಎದ್ದೆ? ನೀರು ಬೇಕಾ? ಇಲ್ಲ... ಇಲ್ಯಾಕೆ ಬಂದು ನಿಂತೆ, ನನ್ನ ಎಡಗಡೆ? ಏನಿದು ನಾಟಕ? ಏನಾದ್ರೂ ಹೇಳೋದಿದ್ರೆ ಹೇಳು. ನನಗೆ ಎರಡೂ ಕಿವಿ ಚೆನ್ನಾಗಿ ಕೇಳುತ್ತೆ. ಹೇಳೇ... ಬೈಯೋದಾದ್ರೆ ಬೈ...

ಬಲಗಡೆ ಹೋಗಿದ್ರೆ ತಿರುಗಿಬಿಡ್ತಿದ್ರು ಕಣೇ! ತಿರುಗಿ, ಅವರೆಲ್ಲರ ಎದುರಿಗೆ, ಆ ಕೈ ಎರಡೂ ಜೋಡಿಸಿ, ದೊಡ್ಡ ದನಿಯಲ್ಲಿ 'ನಮಸ್ಕಾರ ಬೀಗರೇ' ಅಂತಿದ್ರು. ಕಾರ್ಯದರ್ಶಿ ಹೆಂಡತಿ ಅಲ್ಲೇ ನಿಂತಿದ್ಲು... ಸುಮ್ಮನೆ ಹೆದರಿ ಹೊರಟುಹೋಗ್ತಾರೆ ಅಂದ್ಕೊಂಡೆ. ಸೀಟಿ ಅವರಿಗೆ ಕೇಳಿಸುತ್ತೆ, ಹೋಗ್ತಾರೆ, ಅಷ್ಟೇ ಅಂತ... ವಾಚ್‌ಮನ್ ಹೊಡೀತಾನೆ ಅಂತ ಅಂದ್ಕೊಳ್ಳಲಿಲ್ಲ.

ಬುಗುರಿ ನನ್ನ ಬೀರುವಿನಲ್ಲಿದೆ. ಸ್ಟೇಷನ್ನವರು ವಾಪಸ್ ಕೊಟ್ರು. ತಗೋ, ಪುಟ್ಟನ ಬಟ್ಟೆ ಜೊತೆ ಇಡು.

ಏಟು ಬಿದ್ದಿದ್ದು ಬಲಗಿವಿಗೆ. ಅದು ಮತ್ತೆ ಕೇಳಿಸಲ್ಲ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಮೆಷಿನ್ ಹತ್ರ ಅವರನ್ನ ಇನ್ನು ಬಿಡಲ್ಲ. ಪುಟ್ಟ ಈಗ ತಾನೇ 'ತಾತಾ' ಅಂತ ಕೂಗೋದು ಕಲ್ತಿದ್ದಾನೆ, ಅದು ಅವರಿಗೆ ಯಾವ ಕಡೆಯಿಂದ ಕೂಗಿದ್ರೂ ಮುಟ್ಟಲ್ಲ. ನೀನೂ ಅವನೂ ಅವರ ಮನೆಗೆ ಹೊರಟಿದ್ದೀರಿ. ನನ್ನ ಮಗ ಕೆಳಗೆ ಆಟೋ ನಿಲ್ಲಿಸ್ಕೊಂಡು ಕಾಯ್ತಿದ್ದಾನೆ, ಮೇಲೆ ಬರಲ್ಲವಂತೆ. ಸಂಘದವರು ಮಾತ್ರ ನನ್ನನ್ನ ಹೊಗಳಿ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದ್ದಾರೆ.