ಮುಂಬಾಗಿಲ ಜಗಸೀರ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಕ್ರೀಡಾಶಾಲೆಯ ಮುಖ್ಯೋಪಾಧ್ಯಾಯಿನಿ ಕುಲವಂತ್ ಕೌರ್ ಅವರೇ, ಒಂದು ಕಾಲಕ್ಕೆ ನನ್ನ ಕೈಯಲ್ಲಿ ಏಟು ತಿಂದು ಈಗ ಇಡೀ ಜಿಲ್ಲೆಯಿಂದ ಸಲಾಮು ಹೊಡೆಸಿಕೊಳ್ಳುತ್ತಿರುವ ಮುಖ್ಯ ಅತಿಥಿ, ಪೊಲೀಸ್ ಅಧಿಕಾರಿ ಅಜಾಯಬ್ ಸಿಂಗ್ ಅವರೇ, ಸಹೋದ್ಯೋಗಿ ಮಿತ್ರರೇ, ಬಿಸಿಲಲ್ಲಿ ಹತ್ತು ಸುತ್ತು ಓಡುವುದೇ ಇದಕ್ಕಿಂತ ವಾಸಿಯಾಗಿತ್ತು ಎಂಬ ಮುಖ ಹೊತ್ತು ಕೂತಿರುವ ನನ್ನ ವಿದ್ಯಾರ್ಥಿಗಳೇ, ಸಭಿಕರೇ,

ಮೂವತ್ತೊಂದು ವರ್ಷ ಈ ಮೈದಾನದಲ್ಲಿ ಗುಂಡು ಎಸೆಯುವುದನ್ನು ಕಲಿಸಿದೆ. ಇವತ್ತು ನಿವೃತ್ತನಾಗುತ್ತಿದ್ದೇನೆ. ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಗುಣಗಳನ್ನೆಲ್ಲ ಹೇಳಿದ್ದೀರಿ. ಬದುಕಿರುವಾಗಲೇ ಇಷ್ಟು ಹೊಗಳಿದರೆ ನಾಳೆ ಸತ್ತಮೇಲೆ ಹೇಳುವುದಕ್ಕೆ ನಿಮ್ಮ ಬಳಿ ಏನು ಉಳಿಯುತ್ತದೆ?

ಅಜಾಯಬ್ ಸಿಂಗ್ ತಮ್ಮ ಭಾಷಣದಲ್ಲಿ ಮುಂಬಾಗಿಲ ಜಗಸೀರನ ಕಥೆಯನ್ನು ಹೇಳಿದರು. ಸಭೆ ನಕ್ಕಿತು. ನಾನೂ ನಕ್ಕೆ, ಅಭ್ಯಾಸಬಲ. ಗುಂಡು ಎಸೆದ ಮೇಲೆ ವೃತ್ತದ ಹಿಂದಿನ ಅರ್ಧದಿಂದಲೇ ಹೊರಬರಬೇಕು, ಮುಂದಿನಿಂದ ಬಂದರೆ ಆ ಎಸೆತ ಲೆಕ್ಕಕ್ಕಿಲ್ಲ. ಇದನ್ನು ಈ ಶಾಲೆಯ ಮಕ್ಕಳಿಗೆ ಯಾರೂ ಪುಸ್ತಕದಿಂದ ಕಲಿಸಲಿಲ್ಲ. ಮೊದಲನೆಯ ದಿನವೇ ನಾನು ಹೇಳುತ್ತಿದ್ದೆ: "ಹಿಂದಿನಿಂದ ಬಾ ಪುತ್ತರ್, ಮುಂಬಾಗಿಲ ಜಗಸೀರನ ಹಾಗೆ ಮಾಡ್ಬೇಡ." ಹತ್ತೊಂಬತ್ತು ತಂಡಗಳಿಗೆ ಹೇಳಿದೆ. ಏಷ್ಯಾ ಕೂಟದಲ್ಲಿ ಕೊನೆಯ ಎಸೆತದಲ್ಲಿ ಚಿನ್ನ ಗೆದ್ದು, ಖುಷಿಗೆ ಮುಂದಿನಿಂದಲೇ ಹಾರಿ ಹೊರಬಂದು, ಗೆದ್ದದ್ದನ್ನು ಕಳೆದುಕೊಂಡ ಪೆದ್ದ. ಕಥೆ ಚೆನ್ನಾಗಿದೆ, ಅಲ್ಲವೇ? ಮಕ್ಕಳು ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಆ ಜಗಸೀರ್ ಈ ಶಾಲೆಯಲ್ಲಿ ನನ್ನ ಮೊದಲನೆಯ ಶಿಷ್ಯ. ಹದಿನಾಲ್ಕು ವರ್ಷದವನನ್ನು ಅವನ ತಾಯಿ ಕರೆತಂದಳು. ಒಂದು ಕೈಯಲ್ಲಿ ಮಗ, ಇನ್ನೊಂದು ಕೈಯಲ್ಲಿ ತುಪ್ಪದ ಡಬ್ಬಿ. "ಉಸ್ತಾದ್‌ಜೀ, ಇವನ ಹೊಟ್ಟೆ ತುಂಬ್ಸೋದು ನನ್ನಿಂದ ಆಗಲ್ಲ. ಬೆಳಿಗ್ಗೆ ಒಂಬತ್ತು ಪರಾಠ ತಿಂದು, ಊಟ ಯಾವಾಗ ಬೇಬೇ ಅಂತಾನೆ. ನೀವೇ ಇಟ್ಕೊಳ್ಳಿ. ಹೊಡೀರಿ, ಬಡೀರಿ, ಮಾಂಸ ನಿಮ್ದು, ಮೂಳೆ ಮಾತ್ರ ನಂಗುಳ್ಸಿ" ಎಂದಳು. ತುಪ್ಪ ಚೆನ್ನಾಗಿತ್ತು. ಹುಡುಗ ಇನ್ನೂ ಚೆನ್ನಾಗಿದ್ದ.

ಅವನಷ್ಟು ಬಲಶಾಲಿಗಳನ್ನು ಆಮೇಲೂ ನೋಡಿದ್ದೇನೆ. ಅವನಷ್ಟು ಮಾತು ಕೇಳುವವನನ್ನು ನೋಡಲಿಲ್ಲ. ಒಂದು ಚಳಿಗಾಲ, ಬೆಳಿಗ್ಗೆ ಏಳಕ್ಕೆ, "ವೃತ್ತದಲ್ಲಿ ನಿಂತಿರು, ನಾನು ಬರೋವರೆಗೂ ಅಲುಗಾಡ್ಬೇಡ" ಎಂದು ಹೇಳಿದೆ. ಅಷ್ಟರಲ್ಲಿ ಜಲಂಧರಿನಿಂದ ಕರೆ ಬಂತು, ಜೀಪು ಹತ್ತಿ ಹೋದೆ, ಮರೆತೆ. ಸಂಜೆ ಬಂದು ನೋಡಿದರೆ ಅಲ್ಲೇ ನಿಂತಿದ್ದಾನೆ. ತುಟಿ ನೀಲಿಯಾಗಿದೆ. ಕಪಾಳಕ್ಕೆ ಒಂದು ಬಿಟ್ಟೆ. "ಕತ್ತೆ, ನಿಂಗೇನು ಬುದ್ಧಿ ಇಲ್ವಾ?" "ನೀವು ಬರೋವರೆಗೂ ಅಂದಿದ್ರಲ್ಲ, ಉಸ್ತಾದ್‌ಜೀ." ನಗಬಹುದು, ನಗಿ. ನಾನೂ ಊರೆಲ್ಲ ಹೇಳಿಕೊಂಡು ನಕ್ಕಿದ್ದೇನೆ. ಶಿಷ್ಯ ಅಂದರೆ ಹೀಗಿರಬೇಕು ಎಂದು ಮೀಸೆ ತಿರುವಿದ್ದೇನೆ.

ಹನ್ನೆರಡು ವರ್ಷ ನನ್ನ ದನಿಗೇ ಅವನ ಮೈ ಪಳಗಿತು. ಬಗ್ಗು ಎಂದರೆ ಬಗ್ಗುತ್ತಿದ್ದ. ಜಾರು ಎಂದರೆ ಜಾರುತ್ತಿದ್ದ. ಎಸೆದ ಮೇಲೆ ಒಂದೇ ಕಾಲಿನ ಮೇಲೆ ನಿಲ್ಲು, ಮೂರು ಎಣಿಸು, ಹಿಂದೆ ತಿರುಗಿ ಹೊರಗೆ ಬಾ. ಹೀಗೆ ಅವನು ಎಷ್ಟು ಸಾವಿರ ಸಲ ಹಿಂದಿನಿಂದ ಹೊರಬಂದನೋ ಲೆಕ್ಕವಿಲ್ಲ. ಹಾಗಿದ್ದವನು ಒಂದೇ ಒಂದು ದಿನ, ಆ ಒಂದು ದಿನ, ಯಾಕೆ ಮುಂದಿನಿಂದ ಬಂದ? ಹತ್ತೊಂಬತ್ತು ವರ್ಷ ನಕ್ಕಿರಲ್ಲ, ನಿಮ್ಮಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಿದಿರಾ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಸ್ವಲ್ಪವೇ ಇದೆ.

ಅವತ್ತು ಐದು ಎಸೆತ ಮುಗಿದಾಗ ಅವನು ಐದನೆಯ ಸ್ಥಾನದಲ್ಲಿದ್ದ. ತರಬೇತುದಾರರಿಗೆ ವೃತ್ತದ ಬಲಬದಿಗೆ, ಸ್ವಲ್ಪ ಮುಂದೆ, ಬೇಲಿಯ ಪಕ್ಕ ಜಾಗ ಕೊಟ್ಟಿದ್ದರು. ಆರನೆಯದು, ಕೊನೆಯದು. ಕೈಯಿಂದ ಬಿಟ್ಟ ಸದ್ದಿನಲ್ಲೇ ನನಗೆ ಗೊತ್ತಾಯಿತು. ಗುಂಡು ಮೊದಲ ಸ್ಥಾನದಲ್ಲಿದ್ದ ಇರಾನಿನವನ ಗುರುತನ್ನೂ ದಾಟಿ ಬಿತ್ತು, ಒಂದು ಗೇಣಾದರೂ ಆಚೆ. ಜಗಸೀರ್ ಒಂದೇ ಕಾಲಿನ ಮೇಲೆ ನಿಂತ. ತುಟಿ ಅಲ್ಲಾಡುತ್ತಿತ್ತು. ಒಂದು, ಎರಡು, ಮೂರು. ಹಿಂದೆ ತಿರುಗಿದ. ಒಂದು ಹೆಜ್ಜೆ ಇಟ್ಟೂ ಇಟ್ಟ. ನಾನು ಕಣ್ಣಾರೆ ಕಂಡೆ ಸ್ವಾಮೀ, ಅವನು ಹಿಂದಿನಿಂದಲೇ ಹೊರಡುತ್ತಿದ್ದ.

ಆಗ ಬೇಲಿಯ ಬಳಿ ಒಬ್ಬ ಎದ್ದು ನಿಂತು ಎರಡೂ ತೋಳು ಚಾಚಿ ಕೂಗಿದ. "ಬಾರೋ ನನ್ನ ಸಿಂಹ, ಬಾ, ಬಾ."

ಅವನು ತಿರುಗಿ ಬಂದ. ಮುಂದಿನ ಬಿಳಿ ಮರದ ತಡೆಯನ್ನು ದಾಟಿಕೊಂಡು ನೇರವಾಗಿ ನನ್ನ ತೋಳಿಗೆ ಬಂದ. ನನ್ನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದ. ಅವನ ಬೆನ್ನ ಹಿಂದೆ ಕೆಂಪು ಬಾವುಟ ಎದ್ದದ್ದನ್ನು ಮೊದಲು ನೋಡಿದವನು ನಾನು.

ಆ ಎಸೆತವನ್ನು ಅಳೆಯಲೇ ಇಲ್ಲ. ತಪ್ಪೆಸೆತಕ್ಕೆ ಅಳತೆಪಟ್ಟಿ ಹಿಡಿಯುವುದಿಲ್ಲ. ಅದು ಎಷ್ಟು ದೂರ ಹೋಯಿತೆಂದು ದೇವರಿಗೂ ಲೆಕ್ಕ ಸಿಗಲಿಕ್ಕಿಲ್ಲ. ಕೆಲಸದವನೊಬ್ಬ ಬಂದು ಗುಂಡು ಬಿದ್ದ ಗುಳಿಯನ್ನು ಕಾಲಲ್ಲಿ ಮುಚ್ಚಿ ಹೋದ.

ಸಂಜೆ ಪತ್ರಿಕೆಯವರು ಬಂದರು, ತಂಡದ ಅಧಿಕಾರಿಗಳು ಬಂದರು. ಹೇಗಾಯಿತು ಎಂದು ನನ್ನನ್ನು ಕೇಳಿದರು. ಜಗಸೀರ್ ಪಕ್ಕದಲ್ಲೇ ನಿಂತಿದ್ದ. ನಾನು ಏನು ಹೇಳಿದೆ ಗೊತ್ತೇ? "ಹಳ್ಳಿ ಪಂದ್ಯಗಳ ಚಾಳಿ ಸಾರ್. ಅಲ್ಲಿ ಎಸೆದ ಕೂಡ್ಲೇ ಜನ ನುಗ್ಗಿ ಹೆಗಲ ಮೇಲೆ ಹೊರ್ತಾರೆ. ಎಷ್ಟು ಹೇಳ್ಕೊಟ್ರೂ ಇವ್ನಿಗೆ ಹೋಗ್ಲಿಲ್ಲ." ಅವನು ನನ್ನ ಮುಖ ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡ. ಮುಂದಿನ ವರ್ಷ ನಾನು ಮುಖ್ಯ ತರಬೇತುದಾರನಾದೆ.

ಅವನೋ, ಪೊಲೀಸ್ ಕೆಲಸದಲ್ಲಿದ್ದ, ಪದಕ ಬಂದಿದ್ದರೆ ಇನ್‌ಸ್ಪೆಕ್ಟರ್ ಆಗುತ್ತಿದ್ದ. ಕಾನ್‌ಸ್ಟೇಬಲ್ ಆಗಿಯೇ ಉಳಿದ. ಬಠಿಂಡಾದ ಚೌಕದಲ್ಲಿ ಹದಿನೆಂಟು ವರ್ಷ ವಾಹನಗಳಿಗೆ ಕೈ ತೋರಿಸಿದ. ಲಾರಿಯವರು ಕಿಟಕಿಯಿಂದ ತಲೆ ಹಾಕಿ, "ಓ ಜಗಸೀರ್ ಪಾಜೀ, ಹಿಂದಿನಿಂದ ಹೋಗ್ಲಾ, ಮುಂದಿನಿಂದ ಹೋಗ್ಲಾ?" ಎಂದು ಕೇಳುತ್ತಿದ್ದರಂತೆ. ಆ ಮಾತನ್ನು ಅವರಿಗೆ ಕಲಿಸಿದ್ದು ಯಾರು? ಈ ಶಾಲೆ. ಈ ಶಾಲೆಗೆ ಕಲಿಸಿದ್ದು ನಾನು. ಕಳೆದ ಮಾಘದಲ್ಲಿ, ಅದೇ ಚೌಕದಲ್ಲಿ ಎದೆ ಹಿಡಿದುಕೊಂಡು ಬಿದ್ದ. ನಲವತ್ತೈದು ವರ್ಷ.

ನಿನ್ನೆ ಅವನ ಹೆಂಡತಿ ಸುಖಪಾಲಳ ಮನೆಗೆ ಹೋದೆ. ಈ ಸಭೆಗೆ ಕರೆಯುವ ನೆಪ ಇತ್ತು. ಕೂತು, ನೀರು ಕುಡಿದು, ಇಷ್ಟನ್ನೂ ಹೇಳಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಗೊತ್ತು ಉಸ್ತಾದ್‌ಜೀ," ಎಂದಳು. "ಮದುವೆಯಾದ ವರ್ಷಾನೇ ಹೇಳಿದ್ರು. ನಾನು ಜಗಳ ಆಡ್ದೆ, ಹೋಗಿ ನಾಲ್ಕು ಜನಕ್ಕೆ ಹೇಳಿ ಅಂದೆ. ನಾನ್ಯಾಕೆ ಹೇಳ್ಲಿ, ಅವರೇ ಹೇಳ್ತಾರೆ, ಇವತ್ತಲ್ಲ ನಾಳೆ ಅಂದ್ರು. ಪ್ರತಿ ವೈಶಾಖಿ ಹಬ್ಬಕ್ಕೂ ರಜ ಹಾಕಿ ನಿಮ್ಮನೆಗೆ ಬರ್ತಿದ್ರಲ್ಲ, ಯಾಕೆ ಅಂದ್ಕೊಂಡಿದ್ರಿ? ವಾಪಸ್ ಬಂದ್ಮೇಲೆ ನಾನು ಕೇಳೋದು, ಹೇಳಿದ್ರಾ ಅಂತ. ಪಾಪ, ಈ ಸಲ ಅವರಿಗೆ ಮಂಡಿನೋವು ಜಾಸ್ತಿ ಇತ್ತು ಕಣೇ ಅನ್ನೋರು."

ಹದಿನೆಂಟು ವೈಶಾಖಿ, ಸಭಿಕರೇ. ಬಂದು ಕಾಲಿಗೆ ಬೀಳುತ್ತಿದ್ದ. ಒಂದು ಗಂಟೆ ಕೂರುತ್ತಿದ್ದ. ಚಹಾ ಕುಡಿದು ಲೋಟ ತಾನೇ ತೊಳೆದಿಡುತ್ತಿದ್ದ. ಹೊರಡುವಾಗ ಬಾಗಿಲಲ್ಲಿ ಸ್ವಲ್ಪ ನಿಲ್ಲುತ್ತಿದ್ದ. ಏನು ಗುರುಭಕ್ತಿ ನೋಡಿ ಎಂದು ನಾನು ಮನೆಯವರಿಗೆ ಹೇಳುತ್ತಿದ್ದೆ. ನಾನು ಕೂಗಿದ್ದು ಅವನಿಗೆ ನೆನಪೇ ಇಲ್ಲ ಎಂದು ಒಳಗೊಳಗೇ ಹಾಯಾಗಿದ್ದೆ.

ನಾಳೆ ಸಭೆಗೆ ಬಾ ಮಗಳೇ, ಎಲ್ಲರೆದುರು ಹೇಳುತ್ತೇನೆ ಎಂದೆ. "ನಾನು ಬಂದೇನ್ಮಾಡ್ಲಿ? ಕೇಳ್ಬೇಕಾದೋರು ಕೇಳ್ದೇ ಹೋದ್ರು" ಎಂದಳು. ಅವಳು ಬಂದಿಲ್ಲ. ಅವಳಿಗೆಂದೇ ಒಂದು ಕುರ್ಚಿ ಹಾಕಿಸಿದ್ದೆ. ಯಾರೋ ಮಕ್ಕಳು ಕೂತಿದ್ದಾರೆ, ಕೂತಿರಲಿ.

ನನ್ನ ಜಾಗಕ್ಕೆ ಬರುವ ತರಬೇತುದಾರರಲ್ಲಿ ಒಂದು ಕೋರಿಕೆ. ನಿಯಮ ಕಲಿಸಿ, ಕಥೆ ಬೇಕಾದರೆ ಕಥೆಯನ್ನೂ ಹೇಳಿ. ಅದರಲ್ಲಿ ಹೆಸರು ಮಾತ್ರ ನನ್ನದನ್ನು ಹಾಕಿ. ಇದರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು.

ಶಾಲು ಹೊದಿಸಿದ ಕೈಗಳಿಗೆ, ಅಡುಗೆಯವರಿಗೆ, ಧ್ವನಿವರ್ಧಕದವರಿಗೆ, ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ ನಿಮ್ಮೆಲ್ಲರಿಗೆ ಧನ್ಯವಾದ. ಚಪ್ಪಾಳೆ ಬೇಡ. ಇದನ್ನು ಕೇಳುವುದಕ್ಕೆ ಇಷ್ಟು ಜನ ಬೇಕಾಗಿರಲಿಲ್ಲ, ಅವನೊಬ್ಬನಿದ್ದಿದ್ದರೆ ಸಾಕಿತ್ತು. ನಮಸ್ಕಾರ.